ಹೊಳೆಯ ದಂಡೆಯ ಪೇಠೆ

(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಈ ಶುಭ ಪ್ರಸಂಗದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದವರು ಕೇಳಿಕೊಂಡಾಗ ನಮಗೆ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ನಾವು ಪಂಡಿತರಲ್ಲ, ಸಾಹಿತಿಗಳಲ್ಲ. ತಕ್ಕಡಿ ಹಿಡಿದು ಬದುಕಿದ ಮನೆತನದವರು. ಕನ್ನಡದ ಹಿರಿಮೆಯನ್ನು ವರ್ಣಿಸಲು ಇಲ್ಲಿ ನಮಗಿಂತ ಬಲ್ಲವರಿದ್ದಾರೆ. ಆದಕಾರಣ ನಮಗೆ ಗೊತ್ತಿರುವ ಒಂದೇ ಸಂಗತಿಯನ್ನು ಹೇಳುತ್ತೇವೆ. ಕೃಷ್ಣೆಯ ದಂಡೆಯ ಸಾಂಗಲಿಯೆಂಬ ಚಿಕ್ಕ ಊರಿನಲ್ಲಿ ಮೂರು ತಲೆಮಾರು ಅರಿಶಿಣದ ವ್ಯಾಪಾರ ಮಾಡಿಕೊಂಡು ಬಂದ ಕನ್ನಡ ಮನೆತನವೊಂದು ಏನು ಗಳಿಸಿತು, ಏನು ತೆತ್ತಿತು ಎಂಬುದೇ ನಮ್ಮ ವಿಷಯ.

ಸಾಂಗಲಿಗೆ ಕನ್ನಡಿಗರು ಏಕೆ ಹೋದರು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಇದಕ್ಕೆ ಉತ್ತರ ಹಳೆಯ ಸಂಸ್ಥಾನದ ನಕಾಶೆಯಲ್ಲಿದೆ. ಪಟವರ್ಧನ ಮನೆತನದ ಚಿಂತಾಮಣರಾವ ಅಪ್ಪಾಸಾಹೇಬರು ಮಿರಜದಿಂದ ಬೇರೆಯಾಗಿ ೧೮೦೧ರಲ್ಲಿ ಸಾಂಗಲಿಯನ್ನು ತಮ್ಮ ರಾಜಧಾನಿ ಮಾಡಿಕೊಂಡರು. ಅದಕ್ಕೆ ಮುಂಚೆ ಅದು ಹೊಳೆಯ ದಂಡೆಯ ಒಂದು ಸಣ್ಣ ಹಳ್ಳಿ. ಆರು ಓಣಿಗಳ ಊರು, ಸಹಾ ಗಲ್ಲಿ, ಎಂಬುದರಿಂದಲೇ ಈ ಹೆಸರು ಬಂತೆಂದು ಜನ ಹೇಳುತ್ತಾರೆ. ಅವರು ಕೋಟೆ ಕಟ್ಟಿಸಿದರು, ಗಣಪತಿಯ ಗುಡಿ ಕಟ್ಟಿಸಿದರು, ಪೇಠೆ ಬೆಳೆಸಿದರು. ಆದರೆ ಸಂಸ್ಥಾನದ ಭೂಮಿಯೆಲ್ಲ ಒಂದೇ ಕಡೆಗೆ ಇರಲಿಲ್ಲ. ಈಗ ಗದಗ ಜಿಲ್ಲೆಯಲ್ಲಿರುವ ಶಿರಹಟ್ಟಿ ಅವರದು. ಬೆಳಗಾವಿಗೆ ಹೊಂದಿದ ಶಹಾಪುರ ಅವರದು. ಬಾಗಲಕೋಟೆ ಜಿಲ್ಲೆಯ ತೇರದಾಳ ಅವರದು. ಬಸವಣ್ಣನವರು ಕರಣಿಕ ವೃತ್ತಿ ಮಾಡಿದರೆಂದು ಹೇಳುವ ಮಂಗಳವೇಢೆಯೂ ಅವರದೇ. ಹೀಗಾಗಿ ಶಿರಹಟ್ಟಿಯವರಿಗೆ ಕೋರ್ಟು ಕಚೇರಿಯ ಕೊನೆಯ ಮೆಟ್ಟಿಲು ಸಾಂಗಲಿ. ಅರ್ಜಿ ಹಿಡಿದು ಹೋದವರಲ್ಲಿ ಕೆಲವರು ಅಲ್ಲಿಯೇ ಉಳಿದರು.

ನಮ್ಮ ಅಜ್ಜ ಹಾಗೆ ಉಳಿದವರು. ಫಕೀರೇಶ್ವರರ ಮಠದ ನೆರಳಿನ ಶಿರಹಟ್ಟಿಯಿಂದ ಹೊಲದ ತಕರಾರಿನ ಕಾಗದ ಕಟ್ಟಿಕೊಂಡು ೧೯೨೯ರಲ್ಲಿ ಬಂದರು. ಕೃಷ್ಣೆಯ ಮೇಲಿನ ಐರ್ವಿನ್ ಸೇತುವೆ ಆಗಿನ್ನೂ ಹೊಸದು. ತಕರಾರು ತೀರಲು ಎರಡು ವರ್ಷ ಹಿಡಿಯಿತು. ಹೊಟ್ಟೆಗೆ ಬೇಕೆಂದು ಒಬ್ಬ ಅಡತಿ ವ್ಯಾಪಾರಸ್ಥರ ಅಂಗಡಿಯಲ್ಲಿ ಕಣಜಿ ತುಂಬುವ ಲೆಕ್ಕ ಬರೆಯಲು ನಿಂತರು. ಹೊಲದ ತೀರ್ಪು ಅವರ ವಿರುದ್ಧವಾಯಿತು. ಆ ವೇಳೆಗೆ ಅವರಿಗೆ ಅರಿಶಿಣದ ವಾಸನೆ ಹಿಡಿದುಬಿಟ್ಟಿತ್ತು.

ಅರಿಶಿಣವೆಂದರೆ ಅಡುಗೆಮನೆಯ ಡಬ್ಬಿಯ ಹಳದಿ ಪುಡಿಯೆಂದಷ್ಟೇ ತಿಳಿದವರಿಗೆ ಎರಡು ಮಾತು ಹೇಳಬೇಕು. ಹೊಲದಿಂದ ಕಿತ್ತ ಗಡ್ಡೆಯನ್ನು ಕುದಿಸಿ, ಬಿಸಿಲಿಗೆ ಒಣಗಿಸಿ, ತಿಕ್ಕಿ ಹೊಳಪು ಬರಿಸಿದ ಮೇಲೆಯೇ ಅದು ಪೇಠೆಗೆ ಬರುತ್ತದೆ. ಬೆರಳಿನಂಥ ಕೊಂಬು ಬೇರೆ, ದುಂಡನೆಯ ಗಡ್ಡೆ ಬೇರೆ. ಎರಡಕ್ಕೂ ದರ ಬೇರೆ. ಬಲ್ಲ ವ್ಯಾಪಾರಿ ಚೀಲಕ್ಕೆ ಕೈ ಹಾಕಿ ಒಂದು ಕೊಂಬು ತೆಗೆದು ಮುರಿಯುತ್ತಾನೆ. ಚೆನ್ನಾಗಿ ಒಣಗಿದ್ದರೆ ಲೋಹ ಮುಟ್ಟಿದಂತೆ ಟಣ್ಣೆನ್ನುತ್ತದೆ. ಹಸಿಯಿದ್ದರೆ ಬಾಗಿ ಹರಿಯುತ್ತದೆ. ಮುರಿದ ಬಾಯಿಯಲ್ಲಿ ಕಿತ್ತಳೆಯ ಬಣ್ಣ ಎಷ್ಟು ಗಾಢವೋ ಬೆಲೆ ಅಷ್ಟು. ನಮ್ಮ ಅಜ್ಜ ಕಣ್ಣು ಮಂದವಾದ ಮೇಲೂ ಸಪ್ಪಳದಿಂದಲೇ ಬೆಲೆ ಹೇಳುತ್ತಿದ್ದರು.

ಆ ಪೇಠೆಯ ದೊಡ್ಡ ಆಸ್ತಿಯೆಂದರೆ ಹರಿಪುರದ ಪೇವುಗಳು. ಸಾಂಗಲಿಗೆ ಹತ್ತಿರದಲ್ಲಿ ವಾರಣಾ ನದಿ ಕೃಷ್ಣೆಯನ್ನು ಕೂಡುತ್ತದೆ. ಆ ಸಂಗಮದ ಮೇಲೆ ಸಂಗಮೇಶ್ವರನ ಗುಡಿ, ಗುಡಿಯ ಊರು ಹರಿಪುರ. ಅಲ್ಲಿಯ ಮಣ್ಣಿನ ಗುಣವೋ ಏನೋ, ಆಳಕ್ಕೆ ತೋಡಿದರೂ ನೀರು ಜಿನುಗುವುದಿಲ್ಲ. ಬಾಯಿ ಕಿರಿದು, ಹೊಟ್ಟೆ ಅಗಲ, ನೆಲದೊಳಗೆ ಹೂತ ಗಡಿಗೆಯ ಹಾಗೆ ತೋಡಿ, ಒಳಗೆಲ್ಲ ಒಣ ರವದಿ ಚಾಪೆಗಳನ್ನು ಹಾಸಿ, ಅರಿಶಿಣ ತುಂಬಿ ಮೇಲೆ ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಇಟ್ಟರೂ ಹುಳ ಹತ್ತುತ್ತಿರಲಿಲ್ಲ. ತೆರೆದ ಕೂಡಲೆ ಒಳಗೆ ಇಳಿಯುವಂತಿಲ್ಲ. ಕೆಟ್ಟ ಗಾಳಿ ಹೋಗುವ ತನಕ ಕಾಯಬೇಕು. ನಮ್ಮ ಅಜ್ಜನಿಗೆ ಇದು ಹೊಸದೆನಿಸಲಿಲ್ಲ. ‘ಇದು ನಮ್ಮ ಕಡೆಯ ಹಗೇವು, ಅಲ್ಲಿ ಜೋಳ, ಇಲ್ಲಿ ಅರಿಶಿಣ, ಅಷ್ಟೇ ಭೇದ’ ಎಂದು ನಮ್ಮನ್ನು ಕರೆದೊಯ್ದು ತೋರಿಸುತ್ತಿದ್ದರು. ಪೇವಿನೊಳಗಿನ ಮಾಲು ಅಲುಗಾಡದೆ, ಅದರ ಚೀಟಿ ಮಾತ್ರ ಕೈಯಿಂದ ಕೈಗೆ ಹೋಗಿ, ಸಾವಿರಾರು ರೂಪಾಯಿಗಳ ವ್ಯವಹಾರ ಆಗಿಹೋಗುತ್ತಿತ್ತು. ನೆಲದೊಳಗೆ ಏನಿದೆಯೆಂದು ಯಾರೂ ಅಗೆದು ನೋಡುತ್ತಿರಲಿಲ್ಲ. ಚೀಟಿ ಕೊಟ್ಟವನು ಯಾರು ಎಂಬುದೇ ಸಾಕಾಗಿತ್ತು.

ಮಹನೀಯರೆ, ಚಿಕ್ಕ ಊರಿನ ವ್ಯಾಪಾರದ ಗುಟ್ಟೆಲ್ಲ ಈ ಮಾತಿನಲ್ಲಿದೆ. ಅಲ್ಲಿ ಮಾಲಿಗಿಂತ ಮುಂಚೆ ಮನುಷ್ಯನ ತೂಕವಾಗುತ್ತದೆ. ಒಂದು ಪ್ರಸಂಗ ಹೇಳುತ್ತೇವೆ. ಅಜ್ಜ ಸ್ವಂತ ಅಂಗಡಿ ಇಟ್ಟ ಮೂರನೆಯ ವರ್ಷ ಚಿಕ್ಕೋಡಿ ಕಡೆಯ ರೈತನೊಬ್ಬನ ಮಾಲು ತೂಗುವಾಗ ಲೆಕ್ಕದಲ್ಲಿ ಒಂದು ಚೀಲ ತಪ್ಪಿತು. ರಾತ್ರಿ ರೋಜಕೀರ್ದಿ ತಾಳೆ ನೋಡುವಾಗ ಅದು ಗೊತ್ತಾಯಿತು. ಮರುದಿನ ಬೆಳಗಿನಲ್ಲೇ ಅಜ್ಜ ಗಾಡಿ ಮಾಡಿಕೊಂಡು ಆ ರೈತನ ಊರಿಗೆ ಹೋಗಿ ಹಣ ಕೊಟ್ಟು ಬಂದರು. ನಾವು ಹುಡುಗರು ಇದನ್ನು ಕೇಳಿ ಹಿಗ್ಗಿದಾಗ ಅಜ್ಜ ನಕ್ಕು, ‘ನಾನೇನು ಹರಿಶ್ಚಂದ್ರನಲ್ಲಪ್ಪ. ಆ ರೈತನ ಅಳಿಯ ನಮ್ಮ ಪಕ್ಕದ ಅಂಗಡಿಯ ಹಮಾಲ. ನಾನು ಹೋಗದಿದ್ದರೆ ಮಧ್ಯಾಹ್ನದೊಳಗೆ ಪೇಠೆಗೆಲ್ಲ ತಿಳಿಯುತ್ತಿತ್ತು’ ಎಂದರು. ದೊಡ್ಡ ಪಟ್ಟಣದಲ್ಲಿ ಮನುಷ್ಯ ತನ್ನ ಮನಸ್ಸಾಕ್ಷಿಗೆ ಅಂಜಿ ಪ್ರಾಮಾಣಿಕನಾಗಬೇಕು. ಚಿಕ್ಕ ಊರಿನಲ್ಲಿ ಪಕ್ಕದ ಅಂಗಡಿಯ ಹಮಾಲನಿಗೆ ಅಂಜಿದರೂ ಸಾಕು.

ಇದರಲ್ಲಿ ಕಷ್ಟವೂ ಉಂಟು, ಅದನ್ನು ಮುಚ್ಚಿಡಬಾರದು. ಚಿಕ್ಕ ಊರು ಯಾವುದನ್ನೂ ಮರೆಯುವುದಿಲ್ಲ. ಅಪ್ಪ ಒಮ್ಮೆ ಸಟ್ಟಾ ವ್ಯಾಪಾರದಲ್ಲಿ ಕೈ ಸುಟ್ಟುಕೊಂಡರು. ಸಾಲ ತೀರಿ ಇಪ್ಪತ್ತು ವರ್ಷವಾದ ಮೇಲೆ ನಮ್ಮ ತಂಗಿಯ ಮದುವೆಯ ಮಾತು ಬಂದಾಗ ಗಂಡಿನ ಕಡೆಯವರು ಅದನ್ನೇ ಕೇಳಿದರು. ಇದೇ ಪುಣೆಯಲ್ಲಾಗಿದ್ದರೆ ಪಕ್ಕದ ಮನೆಗೂ ಗೊತ್ತಾಗುತ್ತಿರಲಿಲ್ಲ.

ಇನ್ನು ಭಾಷೆಯ ಮಾತು. ನಮ್ಮ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ. ಹಳ್ಳಿಯಿಂದ ಬಂದ ರೈತರಲ್ಲಿ ಎರಡೂ ಕೂಡಿದ ಮಾತು. ಹೊಸ್ತಿಲು ದಾಟುವಾಗ ನಾಲಿಗೆ ತಾನಾಗಿ ಹೊರಳುತ್ತಿತ್ತು. ಇದರಿಂದ ಯಾವ ಭಾಷೆಗೂ ಕೇಡಾದುದನ್ನು ನಾವು ಕಾಣಲಿಲ್ಲ. ನವೆಂಬರ ೧ರಂದು ನಾವು ರಾಜ್ಯೋತ್ಸವ ಆಚರಿಸುತ್ತೇವೆ. ನಾಲ್ಕೇ ದಿನಗಳ ಮೇಲೆ, ನವೆಂಬರ ೫ರಂದು, ನಮ್ಮ ನೆರೆಯವರು ಮರಾಠಿ ರಂಗಭೂಮಿ ದಿನ ಆಚರಿಸುತ್ತಾರೆ. ೧೮೪೩ರಲ್ಲಿ ವಿಷ್ಣುದಾಸ ಭಾವೆಯವರು ಸಾಂಗಲಿಯಲ್ಲಿ ‘ಸೀತಾ ಸ್ವಯಂವರ’ ಆಡಿಸಿದುದರ ನೆನಪು ಅದು. ಅದಕ್ಕೆ ಪ್ರೇರಣೆ ಎಲ್ಲಿಂದ ಬಂತು? ಕನ್ನಡ ಸೀಮೆಯಿಂದ ಬಂದ ಭಾಗವತ ಮೇಳವೊಂದು ಅರಸರ ಮುಂದೆ ಆಟವಾಡಿತ್ತು; ಅದನ್ನು ಕಂಡ ಚಿಂತಾಮಣರಾವ ಅಪ್ಪಾಸಾಹೇಬರು, ಮರಾಠಿಯಲ್ಲಿಯೂ ಇಂಥದೊಂದು ಆಗಲಿ ಎಂದು ಭಾವೆಯವರಿಗೆ ಹೇಳಿದರು. ಸಾಂಗಲಿಯವರು ಇದನ್ನು ಮರೆತಿಲ್ಲ, ಹೇಳಲು ಸಂಕೋಚಪಡುವುದೂ ಇಲ್ಲ.

ಋಣ ಎರಡೂ ಕಡೆಯದು. ೧೯೧೯ರಲ್ಲಿ ಸ್ಥಾಪನೆಯಾದ ವಿಲಿಂಗ್ಡನ್ ಕಾಲೇಜಿನಲ್ಲಿ ವಿ. ಕೃ. ಗೋಕಾಕರು ಪ್ರಿನ್ಸಿಪಾಲರಾಗಿದ್ದರು, ರಂ. ಶ್ರೀ. ಮುಗಳಿಯವರು ಅನೇಕ ವರ್ಷ ಕನ್ನಡ ಕಲಿಸಿದರು. ೧೯೫೬ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದ ‘ಕನ್ನಡ ಸಾಹಿತ್ಯ ಚರಿತ್ರೆ’ಯ ಕರ್ತೃ ನಮ್ಮ ಊರಿನ ಕಾಲೇಜಿನವರೆಂಬುದು ಅರಿಶಿಣದ ಚೀಲಗಳ ನಡುವೆ ಕುಳಿತ ನಮಗೂ ಹೆಮ್ಮೆಯ ಮಾತಾಗಿತ್ತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ೧೯೧೦ರಲ್ಲಿ ಔಂಧ ಸಂಸ್ಥಾನದ ಬರಡು ನೆಲದಲ್ಲಿ ಕಟ್ಟಿದ ಕಿರ್ಲೋಸ್ಕರವಾಡಿಯೂ ಈಗ ಸಾಂಗಲಿ ಜಿಲ್ಲೆಯಲ್ಲಿಯೇ ಇದೆ.

ಆದರೆ ನಕಾಶೆ ಬದಲಾಯಿತು. ೧೯೪೮ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೫೬ರ ನವೆಂಬರ ೧ರಂದು ಶಿರಹಟ್ಟಿ ಮೈಸೂರು ರಾಜ್ಯಕ್ಕೆ ಸೇರಿತು. ಸಾಂಗಲಿ ಮುಂಬಯಿಯಲ್ಲಿಯೇ ಉಳಿದು, ೧೯೬೦ರ ಮೇ ೧ರಂದು ಮಹಾರಾಷ್ಟ್ರಕ್ಕೆ ಬಂತು. ನಾಡು ಒಂದಾದ ಸುದ್ದಿ ಕೇಳಿ ಅಜ್ಜ ಪೇಢೆ ಹಂಚಿದರು. ಆ ರಾತ್ರಿ ಮಾತ್ರ, ‘ನಮ್ಮ ಹುಟ್ಟೂರು ಆ ಕಡೆ ಹೋಯಿತು, ಹೊಟ್ಟೆಯ ಊರು ಈ ಕಡೆ ಉಳಿಯಿತು’ ಎಂದರಂತೆ. ಹೊರನಾಡಿನ ಕನ್ನಡಿಗರಿಗೆ ಈ ಹಬ್ಬದಲ್ಲಿ ಸಂತೋಷದೊಡನೆ ಇಂಥದೊಂದು ಮಾತೂ ಸೇರಿರುತ್ತದೆ. ಅದನ್ನು ಇಲ್ಲಿ ವಿವರಿಸಬೇಕಾಗಿಲ್ಲ.

ಇಷ್ಟು ಹೊತ್ತು ಊರಿನ ಮಾತಾಯಿತು. ಇನ್ನು ಹೊಳೆಯ ಮಾತು. ಹೊಳೆಯ ಊರಿನಲ್ಲಿ ಹೊಳೆಯೂ ಒಂದು ಖಾತೆ ಇಟ್ಟಿರುತ್ತದೆ. ವರ್ಷಾನುಗಟ್ಟಲೆ ಏನೂ ಕೇಳುವುದಿಲ್ಲ. ಕೇಳಿದಾಗ ಒಮ್ಮೆಗೇ ಕೇಳುತ್ತದೆ. ಸಾಂಗಲಿಯಲ್ಲಿ ಮಳೆಗಾಲ ಬಂತೆಂದರೆ ಜನರ ಕಣ್ಣು ಐರ್ವಿನ್ ಸೇತುವೆಯ ಅಳತೆಯ ಪಟ್ಟಿಯ ಮೇಲೆ. ೪೫ ಅಡಿ ಅಪಾಯದ ಗೆರೆ. ೨೦೦೫ರಲ್ಲಿ ಕೃಷ್ಣೆ ೫೩ ಅಡಿ ದಾಟಿದಳು. ಹರಿಪುರದ ಪೇವುಗಳಿಗೆ ನೀರು ನುಗ್ಗಿತು. ಕಾಲಾನುಕಾಲದಿಂದ ತೇವ ಕಾಣದ ನೆಲದ ಹೊಟ್ಟೆ ಒಂದೇ ವಾರದಲ್ಲಿ ಕೆಸರಾಯಿತು. ನೀರು ಇಳಿದ ಮೇಲೆ ನಾವು ನಮ್ಮ ಮೂರು ಪೇವುಗಳನ್ನು ತೆರೆಸಿದೆವು. ಬಂಗಾರದ ಬಣ್ಣದ ಮಾಲು ಕಪ್ಪು ರಾಡಿಯಾಗಿತ್ತು. ಆ ನಾತ ಇಂದಿಗೂ ಮೂಗಿನಲ್ಲಿದೆ. ಅದರಲ್ಲಿ ಅರ್ಧ ನಮ್ಮದು, ಅರ್ಧ ನಮ್ಮನ್ನು ನಂಬಿ ಬೆಲೆ ಏರಲೆಂದು ರೈತರು ಇಟ್ಟದ್ದು. ವಿಮಾ ಸಂಸ್ಥೆಯೊಂದು ನೆಲದೊಳಗಿನ ಮಾಲಿಗೆ ತನ್ನ ಕರಾರು ಅನ್ವಯಿಸದೆಂದು ಕಾಗದ ಬರೆಯಿತು. ಕಾಯಿದೆಯ ಪ್ರಕಾರ ರೈತರ ನಷ್ಟ ರೈತರದೇ. ಆದರೆ ಚೀಟಿಯ ಮೇಲೆ ಇದ್ದುದು ಅಜ್ಜನ ಅಂಗಡಿಯ ಹೆಸರು. ನಾವು ಅಣ್ಣತಮ್ಮಂದಿರು ಮೂರು ರಾತ್ರಿ ಕುಳಿತು ವಿಚಾರ ಮಾಡಿ, ಮನೆ ಕಟ್ಟಲು ಕೊಂಡಿದ್ದ ಜಾಗ ಮಾರಿ, ಅರ್ಧದಷ್ಟನ್ನಾದರೂ ಕೊಡೋಣವೆಂದು ನಿಶ್ಚಯಿಸಿದೆವು. ತೀರಲು ಆರು ವರ್ಷ ಹಿಡಿಯಿತು. ಅದನ್ನು ದಾನವೆಂದು ಯಾರೂ ತಿಳಿಯಬಾರದು; ಅಷ್ಟು ಕೊಟ್ಟುದರಿಂದಲೇ ಅಂಗಡಿಯ ಬಾಗಿಲು ತೆರೆದು ಉಳಿಯಿತು. ಅಲ್ಲಿಂದ ಮುಂದೆ ಪೇವುಗಳ ಕಾಲ ಮುಗಿದಂತಾಯಿತು. ಮಾಲು ಗೋದಾಮುಗಳಿಗೂ ಶೀತಗೃಹಗಳಿಗೂ ಏರಿತು.

೨೦೧೯ರ ಆಗಸ್ಟಿನಲ್ಲಿ ನೀರು ೫೭ ಅಡಿಗಳ ಮೇಲೆ ಹೋಯಿತು. ಗಣಪತಿ ಪೇಠೆ, ಹರಭಟ ರಸ್ತೆ, ಮಾರುತಿ ಚೌಕ, ಎಲ್ಲ ಕಡೆಗೂ ದೋಣಿಗಳು. ಅಟ್ಟದ ಮೇಲೆ ನಮ್ಮ ಕೀರ್ದಿ ಖಾತೆಗಳನ್ನು ಏರಿಸುವಾಗ ಪಕ್ಕದ ಕಿರಾಣಿ ಅಂಗಡಿಯ ಮರಾಠಿ ಸ್ನೇಹಿತರ ವಹಿಗಳನ್ನೂ ಅಲ್ಲಿಯೇ ಇಟ್ಟೆವು. ಅವರ ಅಂಗಡಿಗೆ ಅಟ್ಟವಿಲ್ಲ. ಅದೇ ದಿನ ಸಂಜೆ ಅವರು ನಮ್ಮ ಮುಖ ನೋಡಿ, ‘ನಿಮ್ಮವರು ಆಲಮಟ್ಟಿಯ ಬಾಗಿಲು ತೆರೆಯದೆ ನಮ್ಮನ್ನು ಮುಳುಗಿಸಿದರು’ ಎಂದುಬಿಟ್ಟರು. ತೊಂಬತ್ತು ವರ್ಷ ಆ ಓಣಿಯಲ್ಲಿ ಬಾಳಿದ ನಮಗೆ ‘ನಿಮ್ಮವರು’ ಎಂಬ ಮಾತು ನೀರಿಗಿಂತ ತಣ್ಣಗೆ ತಾಕಿತು. ನಾವೂ ಸುಮ್ಮನಿರಲಿಲ್ಲ, ‘ಕೊಯ್ನೆಯ ನೀರು ಬಿಟ್ಟವರು ಯಾರು?’ ಎಂದು ಕೇಳಿದೆವು. ಎರಡು ದಿನ ಮಾತಿಲ್ಲ. ಮುಂದೆ ೨೦೨೦ರಲ್ಲಿ ಮಹಾರಾಷ್ಟ್ರ ಸರಕಾರದ ವಡ್ನೇರೆ ಸಮಿತಿಯೇ, ಆ ಮಹಾಪೂರಕ್ಕೆ ಆಲಮಟ್ಟಿ ಕಾರಣವಲ್ಲವೆಂದು ವರದಿ ಕೊಟ್ಟಿತು. ಆದರೂ ವಾದ ನಿಂತಿಲ್ಲ. ನಮ್ಮ ಜಗಳ ಮಾತ್ರ ಸಮಿತಿಯ ತನಕ ಕಾಯಲಿಲ್ಲ. ನೀರಿಳಿದ ಮೂರನೆಯ ದಿನ ಅವರು ಬುಟ್ಟಿ ಸಲಿಕೆ ಹಿಡಿದು ನಮ್ಮ ಅಂಗಡಿಯ ರಾಡಿ ತೆಗೆಯಲು ಬಂದರು; ತಮ್ಮದು ಇನ್ನೂ ಹಾಗೆಯೇ ಇತ್ತು. ‘ವಹಿಗಳು ನೆನೆದಿಲ್ಲವಷ್ಟೆ?’ ಎಂದು ಕೇಳಿದರು. ನಾವು ಅಟ್ಟ ಹತ್ತಿ ಅವರ ವಹಿಗಳನ್ನು ಮೊದಲು ಇಳಿಸಿಕೊಟ್ಟೆವು. ‘ನಿಮ್ಮವರು’ ಎಂಬ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ.

೨೦೨೧ರ ಜುಲೈಯಲ್ಲಿ ಮತ್ತೆ ನೀರು ಬಂತು. ಎರಡು ವರ್ಷಕ್ಕೆ ಎರಡು ಸಲ! ಆಗ ಎದ್ದ ಪ್ರಶ್ನೆಯನ್ನು ಹೇಳಲೆಂದೇ ನಾವು ಇಂದು ಇಲ್ಲಿ ನಿಂತಿದ್ದೇವೆ. ನಮ್ಮ ಮಗ ಇದೇ ಪುಣೆಯಲ್ಲಿ ಗಣಕಯಂತ್ರದ ಕೆಲಸದಲ್ಲಿದ್ದಾನೆ. ಈ ಸಭೆಯಲ್ಲಿಯೇ ಕುಳಿತಿದ್ದಾನೆ. ‘ಹೊಳೆಯ ದಂಡೆಯ ಅಂಗಡಿ ಮಾರಿಬಿಡಿ, ನಮ್ಮೊಡನೆ ಬನ್ನಿ’ ಎನ್ನುತ್ತಾನೆ. ಅವನ ಲೆಕ್ಕ ತಪ್ಪಲ್ಲ. ಇಂದು ಮರಾಠವಾಡೆಯ ಹಿಂಗೋಲಿಯ ಕಡೆ ಅರಿಶಿಣ ವಿಪುಲವಾಗಿ ಬೆಳೆಯುತ್ತದೆ. ೨೦೨೫ರಲ್ಲಿ ಆರಂಭವಾದ ರಾಷ್ಟ್ರೀಯ ಅರಿಶಿಣ ಮಂಡಳಿಯ ಕಚೇರಿ ತೆಲಂಗಾಣದ ನಿಜಾಮಾಬಾದಿಗೆ ಹೋಯಿತು. ಸಾಂಗಲಿಯ ಅರಿಶಿಣಕ್ಕೆ ೨೦೧೮ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತೆಂಬುದು ನಿಜ. ಆದರೆ ಮನ್ನಣೆಯೊಂದರಿಂದ ಗಿರಾಕಿ ಬರುವುದಿಲ್ಲ. ದರವನ್ನು ಈಗ ಎಲ್ಲರೂ ಅಂಗೈಯ ಫೋನಿನಲ್ಲಿ ನೋಡುತ್ತಾರೆ. ಕೊಂಬು ಮುರಿದ ಸಪ್ಪಳ ಕೇಳುವವರು ಕಡಿಮೆಯಾದರು.

ಹಾಗಿದ್ದರೂ ನಾವು ಇನ್ನೂ ಮಾರಿಲ್ಲ. ಮಾಲನ್ನೆಲ್ಲ ಎತ್ತರದ ಜಾಗದ ಗೋದಾಮಿಗೆ ಸಾಗಿಸಿದೆವು. ಹಳೆಯ ಅಂಗಡಿಯಲ್ಲಿ ಗಾದಿ, ತಕ್ಕಡಿ, ಫೋನು ಇಷ್ಟೇ. ಮೃಗಶಿರಾ ಮಳೆ ಬಂದ ಕೂಡಲೆ ವಹಿಗಳು ಅಟ್ಟಕ್ಕೆ, ನೆರೆಯವರವೂ ಕೂಡ. ಇದು ಹಟವಲ್ಲ, ಲೆಕ್ಕವೇ. ಆ ನಾಲ್ಕು ಗೋಡೆಗೆ ಕೊಳ್ಳುವವರು ಬೆಲೆ ಕಟ್ಟಿದ್ದಾರೆ. ಆದರೆ ಕಾಗದವಿಲ್ಲದೆ ನಮ್ಮ ಬಾಯಿಮಾತಿನ ಮೇಲೆ ಮಾಲು ಬಿಟ್ಟುಹೋಗುವ ರೈತರಿದ್ದಾರಲ್ಲ, ಅವರನ್ನು ಯಾವ ಖರೀದಿಪತ್ರದಲ್ಲಿ ಬರೆಯುವುದು? ಅದು ಆ ಓಣಿಯಲ್ಲಿ ನಡೆಯುವ ನಾಣ್ಯ. ಪುಣೆಗೆ ತಂದರೆ ಇಲ್ಲಿ ಯಾರೂ ಅದನ್ನು ಚಿಲ್ಲರೆ ಮಾಡಿಕೊಡಲಾರರು. ನಮ್ಮ ಕಾಲದ ನಂತರ ಮಗನು ಮಾರಿದರೆ ನಾವು ತಪ್ಪೆನ್ನುವುದಿಲ್ಲ. ಅವನ ಬಾಳು ಇಲ್ಲಿದೆ, ನಮ್ಮ ಅಜ್ಜನ ಬಾಳು ಶಿರಹಟ್ಟಿಯಿಂದ ಸಾಂಗಲಿಗೆ ಬಂದ ಹಾಗೆ. ಮಾರುವ ದಿನ ಆ ನಾಣ್ಯವನ್ನೂ ಒಮ್ಮೆ ಎಣಿಸಿ ನೋಡಲಿ, ಇಷ್ಟೇ ನಮ್ಮ ಬೇಡಿಕೆ.

ನಿಮಗೂ ಒಂದು ಮಾತು ಹೇಳಿ ಮುಗಿಸುತ್ತೇವೆ. ಪುಣೆಯೂ ಹೊಳೆಯ ದಂಡೆಯ ಊರೇ. ಮುಳಾ ಮುಠಾ ನದಿಗಳನ್ನು ನೀವು ದಿನಾಲು ಸೇತುವೆಯ ಮೇಲಿಂದ ದಾಟುತ್ತೀರಿ. ಇಷ್ಟು ದೊಡ್ಡ ನಗರದಲ್ಲಿಯೂ ನಿಮ್ಮದೊಂದು ಚಿಕ್ಕ ಓಣಿ ಇದ್ದೇ ಇರುತ್ತದೆ. ಆ ಓಣಿಯಲ್ಲಿ ನಿಮ್ಮ ಹೆಸರು ಹಿಡಿದು ಕರೆಯುವ ಮರಾಠಿ ನೆರೆಯವರು ನಾಲ್ವರಾದರೂ ಇರುವಂತೆ ಬಾಳಿರಿ. ಮನೆಯೊಳಗೆ ಮಕ್ಕಳೊಡನೆ ಕನ್ನಡವನ್ನು ಬಿಡದಿರಿ. ನಮ್ಮ ಅನುಭವದಲ್ಲಿ ಈ ಎರಡಕ್ಕೂ ವಿರೋಧವಿಲ್ಲ. ಹೊಸ್ತಿಲು ದಾಟಲು ಬಲ್ಲವನಿಗೆ ಎರಡೂ ಕಡೆ ಮನೆಯೇ.

ಸಾಂಗಲಿಗೆ ಎಂದಾದರೂ ಬನ್ನಿರಿ. ಗಣಪತಿಯ ದರ್ಶನ ಮಾಡಿಸುತ್ತೇವೆ, ಖಾರದ ಭಡಂಗ ತಿನ್ನಿಸುತ್ತೇವೆ, ಸಂಜೆ ಹರಿಪುರದ ಸಂಗಮದ ಕಟ್ಟೆಯ ಮೇಲೆ ಕುಳ್ಳಿರಿಸುತ್ತೇವೆ. ಅಂಗಡಿ ಎಲ್ಲಿದೆಯೆಂದು ವಿಳಾಸ ಬರೆದುಕೊಳ್ಳುವ ಕಾರಣವಿಲ್ಲ. ಪೇಠೆಯಲ್ಲಿ ಇಳಿದು ಶಿರಹಟ್ಟಿಯವರ ಅರಿಶಿಣದ ಅಂಗಡಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ನಾವು ಬಂದು ತೊಂಬತ್ತು ವರ್ಷ ಮಿಕ್ಕರೂ ಅವರಿಗೆ ನಾವು ಶಿರಹಟ್ಟಿಯವರೇ. ಶಿರಹಟ್ಟಿಗೆ ಹೋದರೆ ಅಲ್ಲಿಯವರು ‘ಸಾಂಗಲಿಯವರು ಬಂದರು’ ಎನ್ನುತ್ತಾರೆ. ಎರಡು ಊರಿನ ಹೆಸರು ಹೊತ್ತುಕೊಂಡು ಬಾಳಿದ್ದಕ್ಕೆ ನಮಗೆ ಯಾವ ದುಃಖವೂ ಇಲ್ಲ.